ಬೆಂಗಳೂರಿನ ಜೆಟ್, ಚೆನ್ನೈನ ಗಾಳಿ: ಒಂದು ಆರ್‌ಎಕ್ಸ್ 100 ಟ್ರ್ಯಾಕಿಗಿಳಿದ ಬಗೆ

ಸಭಿಕರೆಲ್ಲರಿಗೂ ನಮಸ್ಕಾರ.

ಹಳೆಯ ರಸ್ತೆ ಬೈಕನ್ನು ಟ್ರ್ಯಾಕ್ ಬೈಕಾಗಿ ಮಾರ್ಪಡಿಸುವ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ, ನನಗೆ ಚೆನ್ನಾಗಿ ಗೊತ್ತಿರುವ ಒಂದೇ ಬೈಕನ್ನು ಮುಂದಿಟ್ಟುಕೊಂಡು ಮಾತನಾಡುವುದಾದರೆ ಬರುತ್ತೇನೆ ಎಂದೆ. ಅದು ಯಮಹಾ ಆರ್‌ಎಕ್ಸ್ 100. ಎಸ್ಕಾರ್ಟ್ಸ್ ಸಂಸ್ಥೆಯು ಜಪಾನಿನ ಯಮಹಾ ಸಹಯೋಗದಲ್ಲಿ 1985ರಿಂದ 1996ರವರೆಗೆ ತಯಾರಿಸಿದ ಈ ಟೂ ಸ್ಟ್ರೋಕ್ ಬೈಕಿನ ಬೋರ್, ಎಂದರೆ ಸಿಲಿಂಡರಿನ ಒಳವ್ಯಾಸ, 50 ಮಿ.ಮೀ.; ಸ್ಟ್ರೋಕ್, ಎಂದರೆ ಪಿಸ್ಟನ್ ಓಡುವ ದೂರ, ಅದೂ 50 ಮಿ.ಮೀ.; ಸಿಲಿಂಡರಿನ ಗಾತ್ರ ಲೆಕ್ಕ ಹಾಕಿದರೆ 98 ಸಿಸಿ. ಶಕ್ತಿ 11 ಅಶ್ವಶಕ್ತಿ, ಗೇರು ನಾಲ್ಕು, ತೂಕ ನೂರು ಕಿಲೋ ಆಸುಪಾಸು. ಇಷ್ಟು ಸರಳವಾದ ಯಂತ್ರದಲ್ಲಿ ತಪ್ಪು ಎಲ್ಲಿ ಆಯಿತೆಂದು ಹುಡುಕುವುದು ಸುಲಭವಾದ್ದರಿಂದ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಸಿಗುವುದು ಕಷ್ಟ.

ಟ್ರ್ಯಾಕ್ ಬೈಕ್ ಎಂದೊಡನೆ ಹುಡುಗರ ಮನಸ್ಸು ಸೈಲೆನ್ಸರಿನ ಕಡೆಗೆ ಓಡುತ್ತದೆ. ನನ್ನದೂ ಹಾಗೆಯೇ ಓಡಿತ್ತು. ಆದರೆ ರಸ್ತೆಯಲ್ಲಿ ಎಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಹಿಡಿಯುವುದು ಕೆಲವೇ ಕ್ಷಣ. ಅಷ್ಟರಲ್ಲಿ ಸಿಗ್ನಲ್, ಹಂಪು, ಇಲ್ಲವೇ ಅಡ್ಡಬಂದ ಆಟೋ ಎಂಜಿನ್ನಿಗೆ ಉಸಿರಾಡಲು ಬಿಡುವು ಕೊಡುತ್ತದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯ ಟ್ರ್ಯಾಕು ಸುಮಾರು 3.7 ಕಿ.ಮೀ. ಉದ್ದವಿದೆ, ಅಲ್ಲಿ ಇಂತಹ ಚಿಕ್ಕ ಎಂಜಿನ್ನಿನ ಬೈಕು ಸುತ್ತಿನ ಬಹುಪಾಲು ಪೂರ್ತಿ ತೆರೆದ ಎಕ್ಸಿಲರೇಟರಿನಲ್ಲೇ ಓಡುತ್ತದೆ, ಮುಂದಿನ ಸುತ್ತಿನಲ್ಲಿಯೂ ಅದೇ ಪುನರಾವರ್ತನೆಯಾಗುತ್ತದೆ. ರಸ್ತೆಯ ಬೈಕಿಗೆ ಅಭ್ಯಾಸವಿಲ್ಲದ್ದು ವೇಗಕ್ಕಿಂತಲೂ ಈ ಬಿಡುವಿಲ್ಲದ ಬಿಸಿ. ಪಿಸ್ಟನ್, ಬ್ರೇಕ್, ಟೈರ್ ಈ ಮೂರು ಕಡೆ ಹುಟ್ಟುವ ಬಿಸಿಯನ್ನು ಎಲ್ಲಿಗೆ ಕಳಿಸುವುದು ಎಂಬುದೇ ಮಾರ್ಪಾಡಿನ ಮುಖ್ಯ ಕೆಲಸವೆಂದು ನಾನು ತಿಳಿದಿದ್ದೇನೆ.

ಕೆಲಸ ಶುರುವಾಗುವುದು ಬಿಚ್ಚುವುದರಿಂದ. ಹೆಡ್‌ಲೈಟ್, ಇಂಡಿಕೇಟರ್, ಕನ್ನಡಿ, ಸ್ಟ್ಯಾಂಡು, ಸೀರೆ ಗಾರ್ಡ್ ಎಲ್ಲವೂ ಹೋಗಬೇಕು; ಬಿದ್ದಾಗ ಗಾಜು ಟ್ರ್ಯಾಕಿನ ಮೇಲೆ ಚೆಲ್ಲಬಾರದು, ವಾಲಿದಾಗ ಸ್ಟ್ಯಾಂಡು ನೆಲಕ್ಕೆ ತಾಗಿ ಹಿಂದಿನ ಚಕ್ರವನ್ನು ಎತ್ತಬಾರದು. ಗೇರ್ ಆಯಿಲಿನ ಡ್ರೇನ್ ಬೋಲ್ಟಿಗೆ ಸಣ್ಣ ತೂತು ಕೊರೆದು ತಂತಿ ಕಟ್ಟಬೇಕು. ಏಕೆಂದರೆ ಅದು ಕಳಚಿ ಎಣ್ಣೆ ಸೋರಿದರೆ ಬೀಳುವವರು ನಿಮ್ಮ ಹಿಂದೆ ಬರುತ್ತಿರುವ ಸವಾರರು. ಇಲ್ಲಿ ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಆದ್ದರಿಂದ ಈ ಬೈಕು ಟ್ರ್ಯಾಕಿಗೆ ಹೋಗಬೇಕಾದದ್ದು ಟೆಂಪೋದ ಮೇಲೆ. ದಾಖಲೆಯೂ ಬಿಡಿಭಾಗಗಳೂ ಸರಿಯಾಗಿರುವ ಆರ್‌ಎಕ್ಸ್ 100 ನಿಮ್ಮ ಬಳಿ ಇದ್ದರೆ ದಯವಿಟ್ಟು ಅದಕ್ಕೆ ಗರಗಸ ಹಾಕಬೇಡಿ. ಟ್ಯಾಂಕು ತೂತಾಗಿ, ಮೂಲೆ ಸೇರಿ, ಅರ್ಧ ಭಾಗಗಳು ಕಾಣೆಯಾದ ಬೈಕೇ ಇದಕ್ಕೆ ಸಾಕು.

ಎಂಜಿನ್ನಿಗೆ ಕೈ ಹಾಕುವ ಮೊದಲು ಬ್ರೇಕಿನ ಲೆಕ್ಕ ನೋಡೋಣ. ಬೈಕು ಮತ್ತು ಸವಾರ ಸೇರಿ 165 ಕಿಲೋ ಎಂದಿಟ್ಟುಕೊಳ್ಳಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದರ ಚಲನಶಕ್ತಿ ಸುಮಾರು 64 ಕಿಲೋಜೂಲ್. ತಿರುವಿಗಾಗಿ 50ಕ್ಕೆ ಇಳಿಸಿದರೆ ವೇಗ ಅರ್ಧವಾಯಿತು, ಆದರೆ ಶಕ್ತಿಯ ಮುಕ್ಕಾಲು ಪಾಲು, ಎಂದರೆ 48 ಕಿಲೋಜೂಲ್, ಹೋಗಿ ಸೇರುವುದು ಬಹುಮಟ್ಟಿಗೆ ಮುಂದಿನ ಬ್ರೇಕ್ ಡ್ರಮ್ಮಿಗೆ. ಡ್ರಮ್ಮು ಮುಚ್ಚಿದ ಪಾತ್ರೆಯಿದ್ದಂತೆ. ಬಿಸಿಯಾದಾಗ ಹಿಗ್ಗಿ, ಒಳಗಿನಿಂದ ಅದನ್ನು ಒತ್ತಿ ಹಿಡಿಯುವ ಶೂಗಳಿಂದ ದೂರ ಸರಿಯುತ್ತದೆ, ಶೂವಿನ ಹಿಡಿತವೂ ಸಡಿಲವಾಗುತ್ತದೆ, ನಾಲ್ಕನೆಯ ಸುತ್ತಿಗೆ ಲಿವರು ಹ್ಯಾಂಡಲಿನವರೆಗೆ ಬಂದುಬಿಡುತ್ತದೆ. ನಾನು ಡಿಸ್ಕ್ ಇರುವ ಬೇರೊಂದು ಬೈಕಿನ ಫೋರ್ಕು ಮತ್ತು ಚಕ್ರವನ್ನು ಬೆಂಗಳೂರಿನ ಬಿಡಿಭಾಗಗಳ ಪೇಟೆಯಾದ ಜೆ.ಸಿ. ರಸ್ತೆಯಲ್ಲಿ ಹುಡುಕಿ ತಂದು ಕೂರಿಸಿದೆ. ಅದಕ್ಕಾಗಿ ಲೇತ್ ಅಂಗಡಿಗೆ ಅಲೆದದ್ದೇ ಹೆಚ್ಚು. ಸ್ಪರ್ಧೆಯ ವರ್ಗದ ನಿಯಮ ಡ್ರಮ್ಮನ್ನೇ ಇಡಬೇಕೆಂದು ಹೇಳಿದರೆ, ಗಾಳಿ ನುಗ್ಗಲು ಬ್ರೇಕ್ ಪ್ಲೇಟಿಗೆ ಕಿಂಡಿ ಮಾಡಿ ಜಾಲರಿ ಹಾಕುವ ಹಳೆಯ ಉಪಾಯವಿದೆ.

ಹಿಂದಿನ ಚಕ್ರವನ್ನು ಹಿಡಿದಿಡುವ ಸ್ವಿಂಗ್ ಆರ್ಮಿನ ಬುಷ್, ಹ್ಯಾಂಡಲ್ ತಿರುಗುವ ಕೋನ್‌ಸೆಟ್, ಚಕ್ರದ ಬೇರಿಂಗು ಇವುಗಳನ್ನು ಪರೀಕ್ಷೆಗೇ ನಿಲ್ಲದೆ ಬದಲಾಯಿಸಿ. ಮೂವತ್ತು ವರ್ಷದ ರಬ್ಬರು ನೋಡಲು ಚೆನ್ನಾಗಿದ್ದರೂ ತಿರುವಿನಲ್ಲಿ ಮಾತು ಕೇಳುವುದಿಲ್ಲ. ಟೈರು ಕೊಳ್ಳುವಾಗ ಬದಿಯಲ್ಲಿರುವ ನಾಲ್ಕು ಅಂಕಿಗಳನ್ನು ಓದಿ: 2323 ಎಂದಿದ್ದರೆ 2023ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ.

ಈಗ ಎಂಜಿನ್. ಟೂ ಸ್ಟ್ರೋಕಿನಲ್ಲಿ ಎಕ್ಸಾಸ್ಟ್ ಕಿಂಡಿ ಇನ್ನೂ ತೆರೆದಿರುವಾಗಲೇ ಪೆಟ್ರೋಲು-ಗಾಳಿಯ ಹೊಸ ಮಿಶ್ರಣ ಒಳಗೆ ಬರುವುದರಿಂದ ಅದರಲ್ಲಿ ಒಂದಿಷ್ಟು ಹಳೆಯ ಹೊಗೆಯೊಂದಿಗೆ ಹೊರಗೆ ಹೋಗುತ್ತದೆ. ಹೊರಟ ಒತ್ತಡದ ಅಲೆ ಎಕ್ಸ್‌ಪ್ಯಾನ್ಷನ್ ಚೇಂಬರಿನ, ಎಂದರೆ ಸೈಲೆನ್ಸರಿನ ಜಾಗದಲ್ಲಿ ಹಾಕುವ ಹೊಟ್ಟೆ ಉಬ್ಬಿದ ಕೊಳವೆಯ, ಅಗಲವಾಗುವ ಭಾಗದಲ್ಲಿ ಸಿಲಿಂಡರಿನ ಕಡೆಗೆ ಹೀರುವ ಅಲೆಯನ್ನು ಕಳಿಸುತ್ತದೆ. ಮತ್ತೆ ಕಿರಿದಾಗುವ ಕೊನೆಯ ಶಂಕುವಿಗೆ ಬಡಿದು ಹಿಂದಿರುಗುವ ಅಲೆ, ಹೊರಬಿದ್ದ ಮಿಶ್ರಣವನ್ನು ಕಿಂಡಿ ಮುಚ್ಚುವ ಮುನ್ನ ಮತ್ತೆ ಒಳಕ್ಕೆ ತಳ್ಳುತ್ತದೆ. ಕಾಲದ ಲೆಕ್ಕ ನೋಡಿ. ಎಂಜಿನ್ ನಿಮಿಷಕ್ಕೆ 9,000 ಸುತ್ತು ತಿರುಗುತ್ತಿದ್ದು, ಕಿಂಡಿ 180 ಡಿಗ್ರಿಯಷ್ಟು ತೆರೆದಿರುವುದಾದರೆ, ಅದು ತೆರೆದಿರುವ ಅವಧಿ ಒಂದು ಸೆಕೆಂಡಿನ ಮುನ್ನೂರನೇ ಒಂದು ಭಾಗ. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ 500 ಮೀಟರ್ ಎಂದು ಹಿಡಿದರೆ ಅಷ್ಟರಲ್ಲಿ ಅದು 1.67 ಮೀಟರ್ ಓಡುತ್ತದೆ, ಹೋಗಿ ಬರುವ ದಾರಿಯಾದ್ದರಿಂದ ಶಂಕು ಇರಬೇಕಾದದ್ದು ಸುಮಾರು 83 ಸೆಂ.ಮೀ. ದೂರದಲ್ಲಿ. ಸೈಲೆನ್ಸರಿನ ಒಳಭಾಗವನ್ನು ಕತ್ತರಿಸಿ ತೆಗೆದು ಸದ್ದು ಹೆಚ್ಚಿಸುವವರು ಈ ಅಲೆಯನ್ನೇ ಕೊಲ್ಲುತ್ತಾರೆ. ಬೀದಿಯವರ ನಿದ್ದೆ ಕೆಡುವುದಷ್ಟೇ ಲಾಭ.

ಈ ವಿದ್ಯೆಯನ್ನು 1950ರ ದಶಕದಲ್ಲಿ ಹದಕ್ಕೆ ತಂದವರು ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ವಾಲ್ಟರ್ ಕಾಡನ್. 1961ರಲ್ಲಿ ಅವರ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಅದೇ ವರ್ಷ ಸ್ವೀಡನ್ನಿನ ಗ್ರ್ಯಾನ್‌ ಪ್ರೀ ವೇಳೆ ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ ದೇಶ ಬಿಟ್ಟು ಸುಜುಕಿ ಸೇರಿದರು. ಈ ವಿದ್ಯೆಯೂ ಅವರ ಜೊತೆಗೆ ಹೋಯಿತು; 1962ರಲ್ಲಿ 50 ಸಿಸಿ ವಿಶ್ವಪಟ್ಟ ಸುಜುಕಿಗೆ ದಕ್ಕಿತು.

ಚೇಂಬರ್ ಹಾಕಿದ ಮೇಲೆ ಹೆಚ್ಚು ಮಿಶ್ರಣ ಉರಿಯುತ್ತದೆ, ಹೆಚ್ಚು ಬಿಸಿ ಹುಟ್ಟುತ್ತದೆ. ಪೆಟ್ರೋಲು ಇಲ್ಲಿ ಉರಿಯುವ ಇಂಧನವೂ ಹೌದು, ಪಿಸ್ಟನ್ನನ್ನು ತಣಿಸುವ ದ್ರವವೂ ಹೌದು. ಎಣ್ಣೆಯೂ ಪೆಟ್ರೋಲಿನ ಜೊತೆಗೇ ಬರಬೇಕು. ಬೈಕಿನ ಎಣ್ಣೆ ಪಂಪು ತೆಗೆದು ಲೀಟರು ಪೆಟ್ರೋಲಿಗೆ 30ರಿಂದ 40 ಮಿ.ಲೀ. ಟೂಟಿ, ಎಂದರೆ ಟೂ ಸ್ಟ್ರೋಕ್ ಎಣ್ಣೆ, ಬೆರೆಸುವವರು, ಎಣ್ಣೆ ಹೆಚ್ಚಾದಷ್ಟೂ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಾದ ಜೆಟ್ಟಿನ ಮೂಲಕ ಹಾಯುವ ಪೆಟ್ರೋಲು ಕಡಿಮೆಯಾಗುತ್ತದೆ ಎಂಬುದನ್ನು ಮರೆಯುತ್ತಾರೆ.

ನಾನು ಮರೆತದ್ದು ಬೇರೆ. ಬೆಂಗಳೂರಿನಲ್ಲಿ ವಾರಗಟ್ಟಲೆ ಕೂತು ಜೆಟ್ ಸರಿಪಡಿಸಿದೆ. ಸ್ಪಾರ್ಕ್ ಪ್ಲಗ್ಗಿನ ಬಣ್ಣ, ಮಿಶ್ರಣ ಸರಿಯಿದ್ದಾಗ ಇರಬೇಕಾದಂತೆ, ತಿಳಿ ಕಂದು; ಎಂಜಿನ್ನಿನ ದನಿ ತಂಬೂರಿಯಂತೆ. ಹಾಗೆಯೇ ಟೆಂಪೋದಲ್ಲಿ ಹಾಕಿಕೊಂಡು ಘಟ್ಟ ಇಳಿದು ಚೆನ್ನೈಗೆ ಹೋದೆ. ಮೂರನೆಯ ಸುತ್ತಿನಲ್ಲಿ, ಉದ್ದನೆಯ ನೇರದ ಕೊನೆಯಲ್ಲಿ, ಎಕ್ಸಿಲರೇಟರ್ ಮುಚ್ಚಿದ ಕ್ಷಣಕ್ಕೆ ಹಿಂದಿನ ಚಕ್ರ ಕಚ್ಚಿ ನಿಂತಿತು. ಕ್ಲಚ್ಚಿನ ಮೇಲೆ ಎರಡು ಬೆರಳಿಟ್ಟೇ ಓಡಿಸು ಎಂದು ಹಿರಿಯ ಮೆಕ್ಯಾನಿಕ್ಕೊಬ್ಬರು ಹೇಳಿದ್ದ ಮಾತು ನೆನಪಿದ್ದುದರಿಂದ ಮೂಳೆ ಉಳಿಯಿತು. ಹೆಡ್ ಬಿಚ್ಚಿದರೆ ಪಿಸ್ಟನ್ನಿನ ಎಕ್ಸಾಸ್ಟ್ ಬದಿಯ ಅಲ್ಯೂಮಿನಿಯಂ ಸಿಲಿಂಡರಿನ ಗೋಡೆಗೆ ಮೆತ್ತಿಕೊಂಡಿತ್ತು.

ಕಾರಣ ಸರಳ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿಯ ಗಾಳಿಯ ಒತ್ತಡ ಚೆನ್ನೈನದಕ್ಕಿಂತ ಹತ್ತನೇ ಒಂದು ಭಾಗದಷ್ಟು ಕಡಿಮೆ. ಚೆನ್ನೈನ ಸೆಕೆ ಆ ಅಂತರವನ್ನು ಸ್ವಲ್ಪ ತಗ್ಗಿಸಿದರೂ ಅಲ್ಲಿಯ ಗಾಳಿ ದಟ್ಟವೇ. ದಟ್ಟ ಗಾಳಿ ಜೆಟ್ಟಿನಿಂದ ಹೆಚ್ಚು ಪೆಟ್ರೋಲನ್ನು ಎಳೆಯುತ್ತದೆ ನಿಜ, ಆದರೆ ಸಾಂದ್ರತೆ ನೂರಕ್ಕೆ ಎಂಟು ಹೆಚ್ಚಿದರೆ ಪೆಟ್ರೋಲು ಹೆಚ್ಚುವುದು ಅದರ ವರ್ಗಮೂಲದಂತೆ, ಸುಮಾರು ನಾಲ್ಕರಷ್ಟು ಮಾತ್ರ. ಉಳಿದ ನಾಲ್ಕರ ಕೊರತೆಯೇ ನನ್ನ ಪಿಸ್ಟನ್ನನ್ನು ತಿಂದದ್ದು.

ಆದ್ದರಿಂದ ಟ್ರ್ಯಾಕಿಗೆ ಹೋದವರು ಅಲ್ಲಿಯ ಗಾಳಿಯಲ್ಲೇ ಪ್ಲಗ್ ನೋಡಬೇಕು: ದೊಡ್ಡ ಜೆಟ್ ಹಾಕಿಯೇ ಹೊರಡಿ, ಹೊಸ ಪ್ಲಗ್ಗಿನಲ್ಲಿ ಟಾಪ್ ಗೇರಿನ ಪೂರ್ತಿ ವೇಗಕ್ಕೆ ಬಂದಾಗ ಕ್ಲಚ್ ಹಿಡಿದು ಎಂಜಿನ್ ಆರಿಸಿ, ಬದಿಗೆ ತೇಲಿಬಂದು ಪ್ಲಗ್ ಬಿಚ್ಚಿ. ಕಪ್ಪಗಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಜೆಟ್ಟನ್ನು ಒಂದು ಅಳತೆ ಇಳಿಸಿ. ಬೆಳ್ಳಗಿದ್ದರೆ ಪೆಟ್ರೋಲು ಕಡಿಮೆಯಾಗಿದೆ, ಆ ಜೆಟ್ಟಿನಲ್ಲಿ ಇನ್ನೊಂದು ಸುತ್ತು ಹೋಗಬೇಡಿ. ಸಿಲಿಂಡರನ್ನು ಮುಂದಿನ ಅಳತೆಗೆ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದ ಮೇಲೆ ನನ್ನ ಸ್ಪ್ಯಾನರ್ ಪೆಟ್ಟಿಗೆಯಲ್ಲಿ ಜೆಟ್‌ಗಳ ಮೂರು ಪೊಟ್ಟಣಗಳಿವೆ. ಅವುಗಳ ಮೇಲೆ ಸಂಖ್ಯೆಯ ಬದಲು ಊರಿನ ಹೆಸರು ಬರೆದಿದ್ದೇನೆ: ಬೆಂಗಳೂರು, ಕೊಯಮತ್ತೂರು, ಚೆನ್ನೈ.