ಗೆಂದಾಳಿ ಸಸಿಯ ಬಣ್ಣ ಮತ್ತು ಮೆಂಡಲನ ಲೆಕ್ಕ

ಮಾನ್ಯರೆ,

ಕಾಸರಗೋಡಿನಲ್ಲಿ ಆನುವಂಶಿಕತೆಯ ಬಗ್ಗೆ ಮಾತನಾಡುವವರು ಅದರ ನಿಯಮಗಳನ್ನು ಕಂಡುಹಿಡಿದ ಮೆಂಡಲನ ಬಟಾಣಿಯಿಂದಲೇ ಆರಂಭಿಸಬೇಕಾಗಿಲ್ಲ. ನಮ್ಮ ತೋಟಗಳಲ್ಲಿ ಕಿತ್ತಳೆ ಬಣ್ಣದ ಕಾಯಿ ಬಿಡುವ ಗೆಂದಾಳಿ ತೆಂಗು ಇದೆ. ಈ ಗಿಡ್ಡ ತಳಿಯಲ್ಲಿ ಗಂಡುಹೂಗಳೂ ಹೆಣ್ಣುಹೂಗಳೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಪಕ್ವವಾಗುವುದರಿಂದ ಸ್ವಪರಾಗಸ್ಪರ್ಶವೇ (ತನ್ನದೇ ಪರಾಗದಿಂದ ಕಾಯಿ ಕಟ್ಟುವುದೇ) ಹೆಚ್ಚು. ಆದ್ದರಿಂದ ಅದನ್ನು ತಾಯಿಮರವಾಗಿಟ್ಟು, ಪಶ್ಚಿಮ ಕರಾವಳಿಯ ಎತ್ತರದ ತಳಿಯ ಪರಾಗದಿಂದ ಸಂಕರ ಮಾಡುವಾಗ ಗಂಡುಹೂಗಳನ್ನು ಮೊದಲೇ ತೆಗೆದುಹಾಕುತ್ತಾರೆ. ಆದರೂ ನರ್ಸರಿಯಲ್ಲಿ ಮೊಳೆತ ಸಸಿಗಳಲ್ಲಿ ಎಲೆಯ ತೊಟ್ಟು ಕಿತ್ತಳೆ ಬಣ್ಣದಲ್ಲಿರುವವನ್ನು ಗೆಂದಾಳಿಯದೇ ಪರಾಗದಿಂದ ಹುಟ್ಟಿದವೆಂದು ಕಿತ್ತು ಬೇರೆಮಾಡಿ, ಕಂದು ಅಥವಾ ಹಸಿರು ಛಾಯೆಯವನ್ನಷ್ಟೇ ಸಂಕರ ಸಸಿಗಳೆಂದು ಉಳಿಸಿಕೊಳ್ಳುತ್ತಾರೆ. ತೆಂಗಿನ ಬಣ್ಣ ಒಂದೇ ಜೀನಿನ ಕೆಲಸವಲ್ಲವಾದರೂ, ಹಸಿರು ಕೊಡುವ ಜೀನಿನ ಮಟ್ಟಿಗೆ ಲೆಕ್ಕ ಸರಳ: ತಂದೆಯ ಕಡೆಯಿಂದ ಅದರ ಪ್ರಬಲ ರೂಪ ಬಂದಿದ್ದರೆ ಸಸಿಯಲ್ಲಿ ಅದು ಕಾಣದೆ ಇರಲಾರದು.

ಬಹುಪಾಲು ಜೀನುಗಳ ಎರಡೆರಡು ಪ್ರತಿಗಳು ನಮ್ಮಲ್ಲಿರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದೇ ಪ್ರತಿ ಇದ್ದರೂ ಹೊರಗೆ ಕಾಣುವುದು ಪ್ರಬಲ, ಅದರೆದುರು ಮರೆಯಾಗುವುದು ದುರ್ಬಲ. ದುರ್ಬಲ ಲಕ್ಷಣ ಕಂಡಿತೆಂದರೆ ಎರಡೂ ಪ್ರತಿಗಳು ದುರ್ಬಲವೆಂದು ನಿಶ್ಚಿತ. ಪ್ರಬಲ ಲಕ್ಷಣದ ವಿಷಯದಲ್ಲಿ ಈ ನಿಶ್ಚಯವಿಲ್ಲ. ಅದರ ಮರೆಯಲ್ಲಿ ಒಂದು ದುರ್ಬಲ ಪ್ರತಿ ಅಡಗಿರಬಹುದು. ಹೆಸರಿಗೆ ದುರ್ಬಲವಾದರೂ ನಂಬಲರ್ಹ ಸಾಕ್ಷ್ಯ ಹೇಳುವುದು ಅದೇ ಎಂದು ನನ್ನ ಅಭಿಪ್ರಾಯ.

1865ರಲ್ಲಿ ಬ್ರನೋ ನಗರದಲ್ಲಿ ತನ್ನ ಪ್ರಯೋಗಗಳನ್ನು ವಿವರಿಸಿದ ಗ್ರೆಗೊರ್ ಮೆಂಡಲ್ ಹಿಡಿದದ್ದು ಈ ಅಡಗುವಿಕೆಯನ್ನೇ. ದುಂಡು ಬೀಜದ ಬಟಾಣಿಯನ್ನೂ ಸುಕ್ಕು ಬೀಜದ್ದನ್ನೂ ಸಂಕರ ಮಾಡಿದಾಗ ಮೊದಲ ತಲೆಮಾರಿನಲ್ಲಿ ಎಲ್ಲವೂ ದುಂಡು. ಆ ಗಿಡಗಳ ಸ್ವಪರಾಗಸ್ಪರ್ಶದಿಂದ ಬಂದ ಎರಡನೆಯದರಲ್ಲಿ 5,474 ದುಂಡು, 1,850 ಸುಕ್ಕು, ಅಂದರೆ ಸುಮಾರು 3:1. ಬಹುಮಂದಿ ಇಲ್ಲಿಗೇ ನಿಲ್ಲುತ್ತಾರೆ. ಮೆಂಡಲ್ ನಿಲ್ಲಲಿಲ್ಲ; ದುಂಡು ಬೀಜಗಳಿಂದಲೇ 565 ಗಿಡಗಳನ್ನು ಬೆಳೆಸಿ ನೋಡಿದ. 193 ಗಿಡಗಳು ದುಂಡು ಬೀಜಗಳನ್ನೇ ಕೊಟ್ಟವು, 372 ಗಿಡಗಳು ಎರಡೂ ಬಗೆಯವನ್ನು ಕೊಟ್ಟವು. ಹೊರಗೆ ಕಾಣುವ 3:1ರ ಒಳಗೆ 1:2:1 (ಶುದ್ಧ ದುಂಡು ಒಂದು, ದುರ್ಬಲ ಪ್ರತಿ ಅಡಗಿದ ದುಂಡು ಎರಡು, ಸುಕ್ಕು ಒಂದು) ಇತ್ತೆಂಬುದು ಹಾಗೆ ತಿಳಿಯಿತು. ಸಂಶಯದ ಗಿಡವನ್ನು ಸುಕ್ಕು ಬೀಜದ ಗಿಡದೊಡನೆ ಸಂಕರ ಮಾಡುವುದು ಇನ್ನೂ ನೇರವಾದ ಪರೀಕ್ಷೆ: ದುರ್ಬಲ ಪ್ರತಿ ಅಡಗಿದ್ದರೆ ಸಂತತಿಯಲ್ಲಿ ಸುಮಾರು ಅರ್ಧ ಸುಕ್ಕಾಗಿ ಬರುತ್ತದೆ.

ಈ ಅನುಪಾತಗಳು ದೊಡ್ಡ ಸಂಖ್ಯೆಯಲ್ಲಿ ಕಾಣಸಿಗುವಂಥವು. ಮನೆಯೊಂದರಲ್ಲಿ ಹುಟ್ಟುವ ಮಕ್ಕಳಿಗೆ ಹಂಚಿಟ್ಟ ಪಾಲುಗಳಲ್ಲ. ದಂಪತಿ ಇಬ್ಬರೂ ಬೀಟಾ ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕರಾಗಿದ್ದರೆ, ಅಂದರೆ ಅದರ ಒಂದೊಂದು ದುರ್ಬಲ ಪ್ರತಿ ಅವರಲ್ಲಿ ಅಡಗಿದ್ದರೆ, ಪ್ರತಿ ಗರ್ಭದಲ್ಲಿಯೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಕಾಯಿಲೆ ಬಂದಿತೆಂದ ಮಾತ್ರಕ್ಕೆ ಮುಂದಿನ ಮೂವರು ಸುರಕ್ಷಿತರೆಂದು ಹಿರಿಯರು ಸಮಾಧಾನ ಹೇಳುವುದುಂಟು, ಅದಕ್ಕೆ ಆಧಾರವಿಲ್ಲ. ಒಬ್ಬರು ಮಾತ್ರ ವಾಹಕರಾಗಿದ್ದರೆ ಮಕ್ಕಳಿಗೆ ತೀವ್ರ ಕಾಯಿಲೆ ಬರುವುದಿಲ್ಲ, ಆದರೆ ಪ್ರತಿ ಮಗುವೂ ವಾಹಕವಾಗುವ ಸಾಧ್ಯತೆ ಅರ್ಧದಷ್ಟಿರುತ್ತದೆ. ಬಟಾಣಿಯಲ್ಲಿ ಅಡಗಿದ್ದನ್ನು ಅರಿಯಲು ಮುಂದಿನ ಬೆಳೆಯವರೆಗೆ ಕಾಯಬೇಕಾಯಿತು. ಇಲ್ಲಿ ಹಿಮೋಗ್ಲೋಬಿನಿನ ಬಗೆಗಳನ್ನು ಅಳೆಯುವ ರಕ್ತಪರೀಕ್ಷೆ ಮದುವೆಗೆ ಮೊದಲೇ ಅದನ್ನು ತಿಳಿಸಬಲ್ಲದು.