'ಇನ್' ಅಂದರೆ ಬರೀ 'ಅಲ್ಲ' ಅಲ್ಲ

ಪೆಟ್ರೋಲ್ ಟ್ಯಾಂಕರ್ ಬೆನ್ನ ಮೇಲೆ 'ಹೈಲಿ ಇನ್‌ಫ್ಲ್ಯಾಮಬಲ್' ಅಂತ ಬರೆದಿರೋದನ್ನ ನೋಡಿರ್ತೀರಿ. ಶಾಲೆಯಲ್ಲಿ ಕಲಿತದ್ದೇನು? ಪದದ ಮುಂದೆ 'ಇನ್' ಬಂದರೆ 'ಅಲ್ಲ' ಅಂತ. ಕರೆಕ್ಟ್ ಅಂದರೆ ಸರಿ, ಇನ್‌ಕರೆಕ್ಟ್ ಅಂದರೆ ತಪ್ಪು. ಆ ಲೆಕ್ಕದಲ್ಲಿ ಟ್ಯಾಂಕರ್ ಒಳಗಿರೋದು ಬೆಂಕಿ ಹತ್ತದ ಎಣ್ಣೆ ಆಗಬೇಕು! ಈ ಗೊಂದಲ ಪ್ರಾಣಕ್ಕೇ ಕುತ್ತು ಅಂತ 1920ರ ದಶಕದಲ್ಲೇ ಅಮೆರಿಕದ ಅಗ್ನಿ ಸುರಕ್ಷತಾ ಸಂಘಟನೆ 'ಇನ್' ಬಿಟ್ಟು 'ಫ್ಲ್ಯಾಮಬಲ್' ಅಂತಲೇ ಬಳಸಿ ಎಂದು ಒತ್ತಾಯಿಸಿತು.

ಅಸಲಿಗೆ ಲ್ಯಾಟಿನ್‌ನಿಂದ ಬಂದ 'ಇನ್' ಎರಡಿವೆ. ಒಂದಕ್ಕೆ 'ಅಲ್ಲ', ಇನ್ನೊಂದಕ್ಕೆ 'ಒಳಗೆ' ಅಂತ ಅರ್ಥ. ರೂಪ ಒಂದೇ. ಪದದ ಮುಂದೆ ಸೇರೋ ಇಂಥ ತುಣುಕುಗಳ, ಅಂದರೆ ಪ್ರಿಫಿಕ್ಸ್‌ಗಳ, ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸೋದನ್ನ ನಾನು ವಿರೋಧಿಸೋದು ಇದಕ್ಕೇ. ಆ ಪಟ್ಟಿ ಅರ್ಧ ಸತ್ಯವನ್ನಷ್ಟೇ ಹೇಳುತ್ತೆ.

'-ಬಲ್' ಅಂತ ಮುಗಿಯೋ ಪದ ಸಿಕ್ಕರೆ ಹೀಗೆ ಮಾಡಿ. ಬಾಲ ಕತ್ತರಿಸಿ, ಉಳಿದದ್ದು ಕ್ರಿಯಾಪದವಾಗಿ ನಿಲ್ಲುತ್ತಾ ನೋಡಿ. 'ಇನ್‌ಫ್ಲೇಮ್' ಇದೆ, ಉರಿಸು ಅಂತ. ಹಾಗಾಗಿ ಇನ್‌ಫ್ಲ್ಯಾಮಬಲ್ ಅಂದರೆ ಹೊತ್ತಿಕೊಳ್ಳುವಂಥದ್ದು. 'ಇನ್‌ಹ್ಯಾಬಿಟ್' ಇದೆ, ವಾಸಿಸು ಅಂತ. ಹಾಗಾಗಿ ಇನ್‌ಹ್ಯಾಬಿಟಬಲ್ ಅಂದರೆ ವಾಸಯೋಗ್ಯ. ವಾಸಕ್ಕೆ ಆಗದ್ದು ಅನ್ನೋಕೆ ಮುಂದೆ 'ಅನ್' ಸೇರಿಸಲೇಬೇಕು, ಪರೀಕ್ಷೆಯಲ್ಲಿ ತುಂಬಾ ಜನ ಎಡವೋದು ಇಲ್ಲೇ. 'ಇನ್‌ಟಾಲರೇಟ್' ಅನ್ನೋ ಪದವೇ ಇಲ್ಲ, ಹಾಗಾಗಿ ಇನ್‌ಟಾಲರಬಲ್ ಅಂದರೆ ಸಹಿಸಲಾಗದ್ದು. ಎಲ್ಲಾ ಪದಕ್ಕೂ ಈ ಉಪಾಯ ನಡೆಯಲ್ಲ, ಆದರೆ ದೊಡ್ಡ ಗುಂಡಿಗಳನ್ನ ತಪ್ಪಿಸುತ್ತೆ.

ಹಾಗಾದರೆ 'ಇನ್‌ವ್ಯಾಲ್ಯುಬಲ್' ಯಾಕೆ 'ಬೆಲೆ ಇಲ್ಲದ್ದು' ಅಲ್ಲ? ಇಲ್ಲಿ 'ಇನ್' ನಿಜವಾಗಿಯೂ 'ಅಲ್ಲ'. ಬೆಲೆ ಕಟ್ಟೋಕೆ ಆಗದ್ದು ಅಂತ. ನಮ್ಮ 'ಅಮೂಲ್ಯ' ನೋಡಿ, ಅದೇ ರಚನೆ. ಅಮೂಲ್ಯ ಅಂದರೆ ಕಸ ಅಂತ ಯಾವ ಕನ್ನಡ ಮಗುವೂ ತಿಳಿಯಲ್ಲ.

'ಇನ್' ವೇಷ ಬದಲಿಸೋದೂ ನಮಗೆ ಹೊಸದಲ್ಲ. ಉತ್ ಜೊತೆ ಲೇಖ ಸೇರಿ ಉಲ್ಲೇಖ ಆದ ಹಾಗೆ, 'ಇನ್' ಜೊತೆ ಲೀಗಲ್ ಸೇರಿ ಇಲ್ಲೀಗಲ್. ರೆಗ್ಯುಲರ್ ಮುಂದೆ 'ಇರ್'. ಪ, ಬ, ಮ ಮುಂದೆ 'ಇಮ್', ಯಾಕಂದರೆ ಇವೆಲ್ಲ ತುಟಿಯಲ್ಲಿ ಹುಟ್ಟೋ ಅಕ್ಷರ. 'ಸಂತೋಷ' ಅನ್ನುವಾಗ ಬಿಂದು 'ನ್' ಆಗುತ್ತೆ, 'ಸಂಪತ್ತು' ಅನ್ನುವಾಗ 'ಮ್' ಆಗುತ್ತೆ. ನೀವೇ ಹೇಳಿ ನೋಡಿ, ತುಟಿ ಮುಚ್ಚಿಕೊಳ್ಳುತ್ತೆ. ಆದರೆ ವೇಷ ಅರ್ಥ ಹೇಳಲ್ಲ: ಇಲ್ಲೀಗಲ್‌ನ 'ಇಲ್' 'ಅಲ್ಲ', ಇಲ್ಯುಮಿನೇಟ್‌ನ 'ಇಲ್' 'ಒಳಗೆ'.

ಗ್ರೀಕ್‌ನ 'ಹೈಪರ್', 'ಹೈಪೊ' ಕಿವಿಗೆ ಒಂದೇ ಥರ ಕೇಳಿಸುತ್ತವೆ, ಅರ್ಥ ತದ್ವಿರುದ್ಧ. ಇವಕ್ಕೆ ಸಂಸ್ಕೃತದಲ್ಲಿ ಒಡಹುಟ್ಟಿದವರಿದ್ದಾರೆ: ಹೈಪರ್‌ಗೆ 'ಉಪರಿ', ಅಂದರೆ ಮೇಲೆ, ಹೈಪೊಗೆ 'ಉಪ', ನಮ್ಮ ಉಪನದಿ, ಉಪನಗರದ್ದೇ. ಹೈಪರ್‌ಗ್ಲೈಸೀಮಿಯಾ ಅಂದರೆ ರಕ್ತದಲ್ಲಿ ಸಕ್ಕರೆ ಏರಿದೆ. ಹೈಪೊಗ್ಲೈಸೀಮಿಯಾ ಅಂದರೆ ಇಳಿದಿದೆ, ಸಾಮಾನ್ಯವಾಗಿ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಈ ಎರಡು ಪದ ಇವತ್ತೇ ಬಿಡಿಸಿ ಹೇಳಿಕೊಡಿ. ಸಕ್ಕರೆ ನೀರು ಬೇಕಾಗಿರೋದು ಎರಡನೆಯದಕ್ಕೆ.