ಪಿಸ್ಟನ್ ಬರೀ ಸಾಕ್ಷಿ, ಕಳ್ಳ ಬೇರೆ

ನಮಸ್ಕಾರ. ಮೊದಲು ಈ ಪಿಸ್ಟನ್ ಒಂದು ಸುತ್ತು ಬರಲಿ. ನೋಡಿ ಪಕ್ಕದವರಿಗೆ ಕೊಡಿ. ಕೈಗೆ ಸ್ವಲ್ಪ ಮಸಿ ಹತ್ತುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಇದು ನನ್ನ ಯೆಜ್ಡಿ 250 ಬೈಕಿನದ್ದು. ಹೊಸದಾಗಿ ಹಾಕಿಸಿದ ಮೇಲೆ ಇದು ಓಡಿದ್ದು 200 ಕಿಲೋಮೀಟರ್ ಚಿಲ್ಲರೆ, ಅಷ್ಟೇ.

ಯೆಜ್ಡಿಯ ಪರಿಚಯ ನಿಮಗೆ ಬೇಕಿಲ್ಲ, ಅಲ್ವಾ? ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ಜಾವಾ ಅಂತ, 1973ರಿಂದ ಯೆಜ್ಡಿ ಅಂತ, 1996ರವರೆಗೆ ತಯಾರಾದ ಗಾಡಿ. ಅಂದರೆ ತೀರಾ ಕೊನೆಗೆ ಬಂದ ಗಾಡಿಗೂ ಈಗ ಮೂವತ್ತರ ಹತ್ತಿರ ವಯಸ್ಸು. ಇಷ್ಟು ವರ್ಷದಲ್ಲಿ ಯಾರು ಇಂಜಿನ್ ಬಿಚ್ಚಿದರು, ಯಾವ ಸಾಮಾನು ಹಾಕಿದರು, ದೇವರಿಗೇ ಗೊತ್ತು.

ನನಗೆ ಮಾರಿದವರು ಹೇಳಿದ್ದು ಇಷ್ಟು: "ಸೀಜ್ ಆಗಿದೆ ಸಾರ್, ಒಂದು ಬೋರ್ ಮಾಡಿಸಿ ಪಿಸ್ಟನ್ ಹಾಕಿ, ಕುದುರೆ ಥರ ಓಡುತ್ತೆ." ಸೀಜ್ ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಅಂಟಿ ನಿಲ್ಲುವುದು, ಬೋರ್ ಅಂದರೆ ಸಿಲಿಂಡರಿನ ಒಳಗೋಡೆ ಕೊರೆದು ಹೊಸ ಪಿಸ್ಟನ್ ಅಳತೆಗೆ ತರುವುದು. ನಾನು ಹಾಗೇ ಮಾಡಿದೆ. ಬ್ಲಾಕ್, ಅಂದರೆ ಸಿಲಿಂಡರ್, ಬಿಚ್ಚಿ ಲೇತ್‌ಗೆ ಕೊಟ್ಟೆ, ಪಿಸ್ಟನ್, ರಿಂಗು ಹೊಸದು ತಂದೆ. ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಕುದುರೆ ಥರವೇ ಓಡಿತು. ಬೆಂಗಳೂರಿನಲ್ಲಿ ಒಂದು ವಾರ ಸುತ್ತಾಡಿ, ಮೈಸೂರಿಗೆ ಹೊರಟೆ. ಮದ್ದೂರು ಇನ್ನೂ ಐದಾರು ಕಿಲೋಮೀಟರ್ ಇತ್ತು. ಇಂಜಿನ್ ಸದ್ದು ಸಣ್ಣಗೆ ಬಿಗಿಯಿತು, ಹಿಂದಿನ ಚಕ್ರ ಹಿಡಿದುಕೊಂಡಿತು. ಕ್ಲಚ್ ಒತ್ತಿದ್ದರಿಂದ ಬೀಳಲಿಲ್ಲ. ಆವತ್ತು ಮದ್ದೂರು ವಡೆ ತಿಂದೆ, ಆದರೆ ಗೂಡ್ಸ್ ಆಟೋದಲ್ಲಿ ಕೂತು.

ನನ್ನ ತಪ್ಪೇನು ಗೊತ್ತಾ? ಪಿಸ್ಟನ್ ಹಾಳಾಗಿದೆ ಅಂತ ಪಿಸ್ಟನ್ ಬದಲಿಸಿದೆ. ಯಾಕೆ ಹಾಳಾಯಿತು ಅಂತ ಕೇಳಲೇ ಇಲ್ಲ.

ಈಗ ನಿಮ್ಮ ಕೈಯಲ್ಲಿರುವುದನ್ನು ನೋಡಿ. ಗೀರುಗಳು ಸುತ್ತಲೂ ಇಲ್ಲ, ಒಂದೇ ಕಡೆ ಜಾಸ್ತಿ ಇವೆ. ಅದು ಸೈಲೆನ್ಸರ್ ಕಡೆಯ ಮುಖ. ಅಲ್ಲಿ ಮೊದಲೇ ಶಾಖ ಹೆಚ್ಚು. ಇಂಜಿನ್ ಅತಿಯಾಗಿ ಕಾದರೆ, ಇಲ್ಲ ಆಯಿಲ್ ಸಾಲದಿದ್ದರೆ, ಪಿಸ್ಟನ್ ಮೊದಲು ಅಲ್ಲೇ ಅಂಟುತ್ತದೆ. ಲೇತ್‌ನವರು ಬೋರನ್ನು ತೀರಾ ಬಿಗಿ ಬಿಟ್ಟಿದ್ದರೆ ಗೀರು ನಾಲ್ಕು ಮೂಲೆಗೂ ಬೀಳುತ್ತಿತ್ತು. ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ತುಂಬಾ ಮುಂದಿದ್ದರೆ ಪಿಸ್ಟನ್ ತಲೆ ಕರಗಿ ತೂತೇ ಬೀಳಬಹುದಿತ್ತು. ಪೆಟ್ರೋಲಿಗೆ 2ಟಿ ಆಯಿಲ್ ನಾನೇ ಅಳತೆ ಮಾಡಿ ಹಾಕಿದ್ದೆ. ಹಾಗಾಗಿ ಆಯಿಲ್ ಮೇಲೆ ಅನುಮಾನ ಇರಲಿಲ್ಲ. ಪ್ಲಗ್ ತೆಗೆದರೆ ಪಿಂಗಾಣಿ ಬೆಳ್ಳಗೆ ಸುಣ್ಣದ ಹಾಗಿತ್ತು. ಅದು ಕಾಫಿಪುಡಿ ಬಣ್ಣಕ್ಕೆ ಇರಬೇಕಾದದ್ದು. ಬಿಳಿ ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ನೆನಪಿಡಿ, ಯೆಜ್ಡಿಯಂಥ ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಕಡಿಮೆಯಾದರೆ ಅದರ ಜೊತೆ ಬರುವ ಆಯಿಲ್ಲೂ ಕಡಿಮೆಯಾಯಿತು.

ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬರುವ ಸಣ್ಣ ತೂತು, ಜೆಟ್, ಕಟ್ಟಿರಲಿಲ್ಲ. ಹಾಗಾದರೆ ಗಾಳಿ ಎಲ್ಲಿಂದ ಬಂತು?

ಇಲ್ಲಿ ಒಂದು ವಿಷಯ ನಿಧಾನವಾಗಿ ಹೇಳಬೇಕು. ಬುಲೆಟ್ಟಿನಂಥ ಫೋರ್ ಸ್ಟ್ರೋಕ್ ಇಂಜಿನ್ ಕೆಳಗಡೆ ಸೋರಿದರೆ ನೆಲ ಗಲೀಜಾಗುತ್ತದೆ, ಮನೆಯಲ್ಲಿ ಬೈಯುತ್ತಾರೆ. ಟೂ ಸ್ಟ್ರೋಕ್ ಹಾಗಲ್ಲ. ಪೆಟ್ರೋಲ್ ಮತ್ತು ಗಾಳಿ ಮೊದಲು ಬರುವುದೇ ಕೆಳಗೆ, ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ದಂಡ, ಇರುವ ಕೋಣೆಗೆ. ಪಿಸ್ಟನ್ ಮೇಲೆ ಹೋಗುವಾಗ ಎಳೆದುಕೊಳ್ಳುತ್ತದೆ, ಕೆಳಗೆ ಬರುವಾಗ ಪಕ್ಕದ ದಾರಿಗಳಿಂದ ಮೇಲಕ್ಕೆ ತಳ್ಳುತ್ತದೆ. ಸೈಕಲ್ ಪಂಪಿನ ಹಾಗೆ. ಈ ಪಂಪ್ ಎಲ್ಲೂ ಸೋರುವ ಹಾಗಿಲ್ಲ. ಕ್ರ್ಯಾಂಕಿನ ಎರಡು ತುದಿಯಲ್ಲೂ ಒಂದೊಂದು ರಬ್ಬರ್ ಆಯಿಲ್ ಸೀಲ್ ಇದನ್ನು ಕಾಯುತ್ತದೆ.

ಎಡಗಡೆ ಕ್ಲಚ್ಚು, ಅಲ್ಲಿ ಗೇರ್ ಆಯಿಲ್ ಇದೆ. ಆ ಕಡೆಯ ಸೀಲ್ ಹೋದರೆ ಇಂಜಿನ್ ಗೇರ್ ಆಯಿಲ್ ಕುಡಿಯುತ್ತದೆ. ಹೊಗೆ ದಟ್ಟವಾಗಿ ಬರುತ್ತದೆ, ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ. ಬೀದಿಯವರೆಲ್ಲ ಕೆಮ್ಮುವುದರಿಂದ ಬೇಗ ಗೊತ್ತಾಗುತ್ತದೆ. ಬಲಗಡೆ ಡೈನಮೊ, ಅಲ್ಲಿ ಒಣ ಗಾಳಿ. ಆ ಸೀಲ್ ಹೋದರೆ ಇಂಜಿನ್ ಆ ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಹೊಗೆ ಬರುವುದಿಲ್ಲ. ಇಂಜಿನ್ ಇನ್ನೂ ಚುರುಕಾದ ಹಾಗೆ ಅನ್ನಿಸುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಸದ್ದು ಇಳಿಯಲು ಎರಡು ಮೂರು ಸೆಕೆಂಡ್ ತಗೊಳ್ಳುತ್ತದೆ. ನನ್ನದೂ ಹಾಗೇ ಮಾಡುತ್ತಿತ್ತು. ಐಡ್ಲಿಂಗ್ ಸ್ಕ್ರೂ ತಿರುಗಿಸಿ ಸರಿ ಮಾಡಿದೆ ಅಂದುಕೊಂಡು, ಹೆಮ್ಮೆಯಿಂದ ಓಡಿಸಿದ್ದೆ.

ಅನುಮಾನ ಬಂದ ಮೇಲೆ ಪರೀಕ್ಷೆ ಮಾಡಬೇಕಲ್ಲ. ನಮ್ಮ ಅಪ್ಪನ ಬಿಪಿ ಮಷಿನ್ ತಂದೆ. ನಗಬೇಡಿ! ಹಳೇ ಕಾಲದ ಪಾದರಸದ್ದು, 300ರವರೆಗೆ ಅಳೆಯುತ್ತದೆ. ಟೈರಿನ ಲೆಕ್ಕದಲ್ಲಿ ಅದು ಆರು ಪಿಎಸ್ಐಗೆ ಸ್ವಲ್ಪ ಕಡಿಮೆ. ಈ ಕೆಲಸಕ್ಕೆ ಅಷ್ಟೇ ಸಾಕು, ಅದಕ್ಕಿಂತ ಜಾಸ್ತಿ ಕೊಟ್ಟರೆ ಒಳ್ಳೇ ಸೀಲೂ ಕಿತ್ತು ಬರಬಹುದು. ಬ್ಲಾಕ್ ವಾಪಸ್ ಕೂರಿಸಿದೆ. ಸೈಲೆನ್ಸರ್ ಕೂರುವ ಎರಡು ಬಾಯಿಗೂ ಹಳೇ ಟ್ಯೂಬ್ ತುಂಡು ಇಟ್ಟು ಬಿಗಿದೆ. ಕಾರ್ಬುರೇಟರ್ ಜಾಗದಲ್ಲಿ ಬಿಪಿ ಮಷಿನ್ನಿನ ಪೈಪ್ ಹಾಯಿಸಿದ ಕಾರ್ಕ್. ಡೈನಮೊ ಬಿಚ್ಚಿ, ಕ್ರ್ಯಾಂಕ್ ತುದಿಗೆ ಸೋಪಿನ ನೀರು ಹಚ್ಚಿ, ಬಲ್ಬ್ ಒತ್ತಿದೆ. ಪಾದರಸ 250ಕ್ಕೆ ಹೋಗಿ ನಿಲ್ಲಲೇ ಇಲ್ಲ, ಸರಸರ ಇಳಿಯಿತು. ಕ್ರ್ಯಾಂಕ್ ಸುತ್ತ ಬುಳುಬುಳು ಗುಳ್ಳೆ. ಒಂದು ಊಟದ ದುಡ್ಡೂ ಆಗದ ಸೀಲು, ಎರಡು ಪಿಸ್ಟನ್ ತಿಂದಿತ್ತು.

ಸೀಲ್ ಬದಲಿಸಿದರೆ ಮುಗಿಯಿತಾ? ಈ ಸಲ ನಾನು ಹುಷಾರಾಗಿದ್ದೆ. ಸೀಲ್ ಯಾಕೆ ಹೋಯಿತು? ಕ್ರ್ಯಾಂಕ್ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದೆ. ಟಕ್ ಟಕ್ ಅಂತು. ಬೇರಿಂಗ್ ಸವೆದಿತ್ತು. ಕ್ರ್ಯಾಂಕ್ ಓಲಾಡುತ್ತಿದ್ದರೆ ಎಂಥ ಸೀಲೂ ಬಾಳುವುದಿಲ್ಲ. ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟಿನ ಗ್ಯಾಪ್ ಎಷ್ಟು ಸಲ ಹೊಂದಿಸಿದರೂ ನಿಲ್ಲುತ್ತಿರಲಿಲ್ಲ, ಅದಕ್ಕೂ ಇದೇ ಕಾರಣ. ಪಾಯಿಂಟ್ ಎತ್ತುವ ಕ್ಯಾಮ್ ಇರುವುದು ಅದೇ ತುದಿಯಲ್ಲಿ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನೂ ನೋಡಿದೆ. ಅದು ಪಕ್ಕಕ್ಕೆ ಸ್ವಲ್ಪ ಆಡಿದರೆ ಪರವಾಗಿಲ್ಲ, ಮೇಲೆ ಕೆಳಗೆ ಆಡಬಾರದು. ನನ್ನದು ಆಡುತ್ತಿತ್ತು.

ಹಾಗಾಗಿ ಇಡೀ ಇಂಜಿನ್ ಇಳಿಸಿದೆ. ಬಿಚ್ಚುವ ಕಥೆ ಉದ್ದ ಮಾಡಲ್ಲ. ಫೋಟೊ ತೆಗೆದುಕೊಳ್ಳಿ, ರಟ್ಟಿನ ಮೇಲೆ ಇಂಜಿನ್ ಕೇಸಿನ ಚಿತ್ರ ಬರೆದು ಸ್ಕ್ರೂಗಳನ್ನು ಅದದೇ ಜಾಗಕ್ಕೆ ಚುಚ್ಚಿಡಿ, ಸುತ್ತಿಗೆ ದೂರ ಇಡಿ.

ಸಾಮಾನಿಗೆ ಜೆ.ಸಿ. ರಸ್ತೆಗೆ ಹೋದೆ. ಬೆಂಗಳೂರಿನವರಿಗೆ ಸ್ಪೇರ್ ಪಾರ್ಟ್ಸ್ ಅಂದರೆ ಆ ರಸ್ತೆ ತಾನೇ? ಅದಕ್ಕೆ ಹೆಸರು ಕೊಟ್ಟ ಜಯಚಾಮರಾಜೇಂದ್ರ ಒಡೆಯರೇ ಮೈಸೂರಿನ ಆ ಕಾರ್ಖಾನೆಯನ್ನೂ ಉದ್ಘಾಟಿಸಿದ್ದು. ಇರಲಿ. ಬೇರಿಂಗ್ ಮತ್ತು ಸೀಲಿನಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಪೇಂಟ್ ಆಮೇಲೆ ಮಾಡಿಸಿದರಾಯಿತು.

ಕ್ರ್ಯಾಂಕ್ ಕೆಲಸ ಮನೆಯದ್ದಲ್ಲ. ಕ್ರ್ಯಾಂಕಿನ ಎರಡು ಚಕ್ರಗಳ ನಡುವಿನ ಪಿನ್ನನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆದು, ಹೊಸ ರಾಡ್ ಕೂರಿಸಿ, ಆಮೇಲೆ ಡಯಲ್ ಗೇಜ್ ಇಟ್ಟು ತಿರುಗಿಸಿ ನೇರ ಮಾಡಬೇಕು. ಓರೆ ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲಿಗಿಂತ ಜಾಸ್ತಿ ಇರಬಾರದು. ಅಳೆಯುವಾಗ ಪಕ್ಕದಲ್ಲೇ ನಿಂತು ಮುಳ್ಳು ನೋಡಿ. ಒಳ್ಳೇ ಲೇತ್‌ನವರು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಬೇರಿಂಗ್ ಕೂರಿಸುವುದು ಮಾತ್ರ ನನಗೆ ಬಹಳ ಇಷ್ಟವಾದ ಕೆಲಸ. ಅಲ್ಯುಮಿನಿಯಂ ಕೇಸನ್ನು ಹಾಟ್‌ಪ್ಲೇಟ್ ಮೇಲೆ ಕಾಯಿಸಿದೆ. ದೋಸೆ ಕಾವಲಿಗೆ ಚಿಮುಕಿಸಿದ ಹಾಗೆ ನೀರು ಚಿಮುಕಿಸಿದರೆ ಚುರ್ ಅನ್ನಬೇಕು. ಬೇರಿಂಗುಗಳು ರಾತ್ರಿಯಿಡೀ ಫ್ರೀಜರಿನಲ್ಲಿ ಬಟಾಣಿ ಪ್ಯಾಕೆಟ್ ಪಕ್ಕ ಮಲಗಿದ್ದವು. ಕಾದ ಕೇಸು ಹಿಗ್ಗಿತ್ತು, ತಣ್ಣಗಿನ ಬೇರಿಂಗ್ ಕುಗ್ಗಿತ್ತು. ಬಿಟ್ಟ ಕೂಡಲೇ ಟಪ್ ಅಂತ ತಾನೇ ಕೂತಿತು.

ಬೋರ್ ಮಾಡಿಸುವಾಗ ಪಿಸ್ಟನ್ ಮೊದಲು ಕೊಂಡು, ಅದನ್ನೇ ಲೇತ್‌ಗೆ ಕೊಡಿ. ಮೂಲ ಬೋರು 65 ಮಿಲಿಮೀಟರ್, ಆದರೆ ಪೆಟ್ಟಿಗೆ ಮೇಲಿನ ಅಳತೆ ನಂಬಿ ಬೋರ್ ಮಾಡಿಸಬೇಡಿ. ಬೋರ್ ಆದ ಮೇಲೆ ಪೋರ್ಟುಗಳ, ಅಂದರೆ ಸಿಲಿಂಡರ್ ಗೋಡೆಯ ಕಿಂಡಿಗಳ, ಅಂಚು ಚಾಕುವಿನ ಹಾಗೆ ಚೂಪಾಗಿರುತ್ತದೆ. ಅದನ್ನು ಸಣ್ಣಗೆ ಉಜ್ಜಿಸದಿದ್ದರೆ ರಿಂಗ್ ಸಿಕ್ಕಿಕೊಂಡು ಮುರಿಯುತ್ತದೆ. ರಿಂಗಿನ ಬಾಯಿ ಪಿಸ್ಟನ್ನಿನಲ್ಲಿರುವ ಪುಟ್ಟ ಪಿನ್ನಿಗೇ ಕೂರಬೇಕು, ಅದನ್ನೂ ನೋಡಿಕೊಳ್ಳಿ.

ಎಲ್ಲ ಕಟ್ಟಿದ ಮೇಲೆ, ಪೆಟ್ರೋಲ್ ಹಾಕುವ ಮುಂಚೆ, ಮತ್ತೆ ಬಿಪಿ ಮಷಿನ್. ಐದು ನಿಮಿಷ ಕೂತು ನೋಡಿದೆ. ಪಾದರಸ ಅಲ್ಲಾಡಲಿಲ್ಲ.

ಮೊದಲ ಟ್ಯಾಂಕಿಗೆ ಐದು ಲೀಟರಿಗೆ 250 ಎಂಎಲ್ ಆಯಿಲ್ ಹಾಕಿದೆ. ಹತ್ತು ನಿಮಿಷ ಓಡಿಸುವುದು, ಪೂರ್ತಿ ಆರಲು ಬಿಡುವುದು, ಮತ್ತೆ ಓಡಿಸುವುದು. ಈಗ ಆಕ್ಸಿಲರೇಟರ್ ಬಿಟ್ಟ ಕೂಡಲೇ ಸದ್ದು ಧಪ್ಪಂತ ಇಳಿಯುತ್ತದೆ. ಮೊದಲಿನಷ್ಟು ಚುರುಕು ಕಾಣುವುದಿಲ್ಲ. ಮದ್ದೂರು ದಾಟಿ ಮೈಸೂರಿಗೆ ಹೋಗಿ ಬಂದಿದ್ದೇನೆ, ನಾಲ್ಕು ಸಲ.

ಪ್ರಶ್ನೆ ಇದ್ದರೆ ಕೇಳಿ. ಅದಕ್ಕೂ ಮುಂಚೆ, ಪಿಸ್ಟನ್ ಈಗ ಯಾರ ಹತ್ತಿರ ಇದೆ? ವಾಪಸ್ ಕೊಡಿ, ಮನೆಯಲ್ಲಿ ಅದರಲ್ಲೇ ಪೆನ್ನು ಇಡುತ್ತೇನೆ.